ಉಲ್ಟಾ ಮಾತಿನವರ ಹೂಂ

ಲಕ್ವಾ ಹೊಡೆದವರನ್ನು ನೋಡಲು ಬರುವವರಿಗೆ ನಮ್ಮ ಕಡೆ ಒಂದು ರೂಢಿಯಿದೆ. ಕೈಯಲ್ಲಿನ ಬಾಳೆಹಣ್ಣಿನ ಚೀಲವನ್ನು ಮನೆಯ ಹೆಂಗಸಿಗೆ ಕೊಟ್ಟು, ನೇರ ಮಂಚದ ಹತ್ತಿರ ಹೋಗಿ, ಮಲಗಿದವರ ಮುಖದ ಮೇಲೆ ಬಾಗಿ, ಕಿವುಡರೊಡನೆ ಮಾತನಾಡುವಷ್ಟು ದನಿ ಏರಿಸಿ ಕೇಳುತ್ತಾರೆ: “ನಾ ಯಾರು ಹೇಳ್ರಿ ನೋಡೂಣು?” ಮಲಗಿದವರು ಗುರುತು ಹಿಡಿದರೆ ಬಂದವರು ಏನೋ ಗೆದ್ದ ಹಾಗೆ ಸುತ್ತ ನೋಡುತ್ತಾರೆ. ಹಿಡಿಯದಿದ್ದರೆ ಇನ್ನೊಮ್ಮೆ, ಇನ್ನೂ ಜೋರಾಗಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಪ್ರಶ್ನೆ ಕೇಳಿಯೇ ಅನ್ನ ತಿಂದವಳು. ಎಂಥ ದಡ್ಡ ಹುಡುಗನಿಗೂ ನಾನು ಹೀಗೆ ಮೂತಿಗೆ ಮೂತಿ ಹಚ್ಚಿ ಪ್ರಶ್ನೆ ಕೇಳಿಲ್ಲ.

ನನ್ನ ಗಂಡನನ್ನು ಬೈಲಹೊಂಗಲದ ಅರ್ಧ ಊರು ಹೀಗೆ ಪರೀಕ್ಷೆ ಮಾಡಿತು. ಅವರಿಗೆ ಬಲಗೈ, ಬಲಗಾಲು ಹೋಗಿದ್ದವು. ಮಾತು ಹೋಗಿತ್ತು. ಉಳಿದದ್ದು ‘ಹೂಂ’ ಒಂದೇ. “ನಾ ಹಿಟ್ಟಿನ ಗಿರಣಿಯವ, ಗುರ್ತ ಸಿಕ್ತೇನ್ರಿ?” ಎಂದರೆ “ಹೂಂ.” “ನಿಮ್ಮ ಕೂಡ ಕಾರಖಾನ್ಯಾಗ ಇದ್ದಾವ್ರಿ, ನೆನಪೈತೇನ್ರಿ?” “ಹೂಂ.” ಬಂದವರು ಹಿಗ್ಗಿ ಹೀರೇಕಾಯಿಯಾಗಿ, “ಗುರ್ತ ಹಿಡಿದ್ರು ನೋಡ್ರಿ, ತಲಿ ಛಲೋ ಐತಿ, ಇನ್ನ ಚಿಂತಿಲ್ಲ” ಎಂದು ಚಹ ಕುಡಿದು ಹೋಗುತ್ತಿದ್ದರು. ಲೋಟ ತೊಳೆಯುವವಳು ನಾನು.

ಮೊದಲು ಈ ಮನುಷ್ಯ ಯಾವುದಕ್ಕೂ ಸುಲಭಕ್ಕೆ ಹೂಂ ಎಂದವರಲ್ಲ. ಅದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ.

ಹೆಣ್ಣು ನೋಡಲು ಬಂದ ದಿನ ಅವರು ನನಗೆ ಕೇಳಿದ ಮೊದಲ ಪ್ರಶ್ನೆ, “ಯಾವ ಪುಸ್ತಕ ಅರ್ಧಕ್ಕ ಬಿಟ್ಟೀರಿ?” ನನ್ನ ಅಪ್ಪ, ಕಾಕಾ, ಅವರ ತಾಯಿ ಎಲ್ಲ ಎದುರಿಗೇ ಕುಳಿತಿದ್ದರು. ಹಾಡು ಬರುತ್ತದೆಯೇ, ರೊಟ್ಟಿ ಬಡಿಯಲು ಬರುತ್ತದೆಯೇ ಎಂಬ ಪ್ರಶ್ನೆಗಳಿಗೆ ನಾನು ತಯಾರಾಗಿ ಬಂದಿದ್ದೆ. ಇದಕ್ಕೆ ಬಾಯಿಗೆ ಬಂದದ್ದನ್ನು ಹೇಳಿದೆ: “ಅಡಗಿ ಪುಸ್ತಕ.” ಅಪ್ಪ ನನ್ನನ್ನು ನುಂಗುವ ಹಾಗೆ ನೋಡಿದರು. ಅವರು ಮಾತ್ರ ಚಹದ ಬಸಿ ತುಳುಕುವಷ್ಟು ನಕ್ಕರು. ನಮ್ಮ ಮದುವೆ ಆ ನಗುವಿನಲ್ಲೇ ಆಯಿತು, ಅಕ್ಷತೆ ಬಿದ್ದದ್ದು ಹೆಸರಿಗಷ್ಟೇ.

ಅವರಿಗೆ ಎಂ.ಕೆ. ಹುಬ್ಬಳ್ಳಿಯ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳ ಸರದಿ ನೋಡುವ ಕೆಲಸ. ಕಬ್ಬು ನುರಿಸುವ ದಿನಗಳಲ್ಲಿ ಮನುಷ್ಯ ಮನೆಯಲ್ಲಿ ಕಾಣುತ್ತಿರಲಿಲ್ಲ. ಅದು ಮುಗಿದರೆ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಅವರಂಥವರೇ ಇನ್ನೂ ಮೂವರಿದ್ದರು. ಕಿತ್ತೂರಿನಲ್ಲೊಬ್ಬರು, ರಾಮದುರ್ಗದಲ್ಲಿ ಸೀರೆ ಅಂಗಡಿ ಇಟ್ಟವರೊಬ್ಬರು, ಸವದತ್ತಿಯಲ್ಲಿ ಔಷಧ ಅಂಗಡಿ ಇಟ್ಟವರೊಬ್ಬರು. ತಿಂಗಳಿಗೊಂದು ಭಾನುವಾರ ಸರದಿಯ ಮೇಲೆ ಒಬ್ಬರ ಮನೆಯಲ್ಲಿ ಕೂಡುತ್ತಿದ್ದರು. ಭಾಷಣವಿಲ್ಲ, ಅಧ್ಯಕ್ಷರಿಲ್ಲ. ಬರಿಯ ಪ್ರಶ್ನೆ. ಓದದೇ ಓದೇನಿ ಅಂತ ಸುಳ್ಳು ಹೇಳಿದ ಪುಸ್ತಕ ಯಾವುದು? ಹಾಳೆ ಮಡಚುವವರೋ, ನಡುವೆ ಕಡ್ಡಿ ಇಡುವವರೋ? ಯಾರ ಮನೆಯ ಪುಸ್ತಕ ತಿರುಗಿ ಕೊಟ್ಟಿಲ್ಲ? ಕಿತ್ತೂರಿನವರು ಕಾದಂಬರಿಯ ಕೊನೆಯ ಹಾಳೆಯನ್ನು ಮೊದಲೇ ಓದುತ್ತಾರೆಂದು ಗೊತ್ತಾದ ದಿನ ಉಳಿದವರು ಅವರಿಗೆ ಸಾಯಂಕಾಲದವರೆಗೂ ಮುಖ ತಿರುಗಿಸಿ ಕುಳಿತರು.

ಎಲ್ಲಕ್ಕಿಂತ ಕೊನೆಗೆ ‘ಉಲ್ಟಾ ಮಾತು’. ಊರೆಲ್ಲ ಹೊಗಳುವ ಪುಸ್ತಕವನ್ನು ಬೈಯಬೇಕು, ಇಲ್ಲವೇ ಊರೆಲ್ಲ ಬೈಯುವುದನ್ನು ಹೊಗಳಬೇಕು. ಮನಸ್ಸಿನಲ್ಲಿದ್ದದ್ದನ್ನೇ ಹೇಳಬೇಕು, ಹುಡುಗಾಟಕ್ಕೆ ಹೇಳುವಂತಿಲ್ಲ. ಹೇಳಿದವರು ತಮ್ಮ ತಟ್ಟೆಯ ಮಿರ್ಚಿ ಭಜಿ ತಿಂದು ಮುಗಿಸುವ ತನಕ ಉಳಿದವರು ಬಾಯಿ ತೆರೆಯುವಂತಿಲ್ಲ. ಸೀರೆ ಅಂಗಡಿಯವರು ಕವನ ಸಂಕಲನಗಳ ಮೇಲೆ ಹರಿಹಾಯುತ್ತಿದ್ದರು: “ಹಾಳಿ ತುಂಬ ಬರೇ ಖಾಲಿ ಜಾಗಾ. ಸೀರಿ ಮಾರಾವ ನಾ, ಸೆರಗಷ್ಟ ಕೊಟ್ಟು ಪೂರಾ ಸೀರಿ ರೊಕ್ಕಾ ತಗೊಂಡ್ರ ಗಿರಾಕಿ ಬಿಡ್ತಾರೇನು?” ನಮ್ಮವರು ಉಪಾಯದ ಮನುಷ್ಯ. ಭಜಿಯನ್ನು ಸ್ವಲ್ಪ ಸ್ವಲ್ಪ ಕಡಿಯುತ್ತ, ಉಳಿದವರು ಚಡಪಡಿಸುವುದನ್ನು ನೋಡುತ್ತ ಕೂರುತ್ತಿದ್ದರು.

ಒಂದು ಸಲ ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ. “ನಂದೂ ಒಂದು ಉಲ್ಟಾ ಮಾತು ಐತಿ. ಪುಸ್ತಕದಾಗಿನ ಹೆಂಗಸರ ಕಷ್ಟಕ್ಕ ನಾಲ್ಕೂ ಮಂದಿ ಕಣ್ಣೀರ ಹಾಕ್ತೀರಿ. ಇಲ್ಲಿ ಕಾದ ಎಣ್ಣಿ ಮುಂದ ನಿಂತಾಕಿ ಒಬ್ಬರಿಗೂ ಕಾಣೂದಿಲ್ಲ.” ಮುಂದಿನ ಸಲದಿಂದ ಭಜಿ ಪೇಟೆಯಿಂದ ಬರತೊಡಗಿತು, ನಾನು ಐದನೆಯವಳಾಗಿ ಕುಳಿತೆ.

ನಮ್ಮವರ ದೊಡ್ಡ ಉಲ್ಟಾ ಮಾತು ಒಂದು ದಪ್ಪ ಕಾದಂಬರಿಯ ಮೇಲೆ. ಹೆಸರು ಹೇಳುವುದಿಲ್ಲ. ಹೇಳಿದರೆ ನನ್ನ ಶಾಲೆಯ ಕನ್ನಡ ಮಾಸ್ತರರು ನಾಳೆ ನನ್ನ ಜೊತೆ ಮಾತು ಬಿಡುತ್ತಾರೆ. ಓದಿದವರೆಲ್ಲ ಅದರ ನಾಯಕಿಗೆ ಕೈಮುಗಿಯುತ್ತಾರೆ. ನಮ್ಮವರಿಗೆ ಅವಳೆಂದರೆ ಸಿಟ್ಟು. “ಆಕಿಗಿ ಹಸಿವಿಲ್ಲ, ಸಿಟ್ಟಿಲ್ಲ, ಬರೇ ತಾಳ್ಮಿ. ಬರದಾವ ಆಕಿನ್ನ ಹೆಂಗಸು ಮಾಡಿಲ್ಲ, ಕುಂಡರಾಕ ಕಟ್ಟಿ ಮಾಡ್ಯಾನ. ಬಂದಾವ್ರೆಲ್ಲಾ ಕುಂತು ಎದ್ದು ಹೊಕ್ಕಾರ.” ಈ ಮಾತಿಗೆ ಸವದತ್ತಿಯವರು ಒಮ್ಮೆ ನಿಜವಾಗಿಯೂ ಸಿಟ್ಟಾಗಿ ಊಟ ಬಿಟ್ಟು ಬಸ್ ಹತ್ತಿದ್ದರು. ಇವರು ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳುವ ಜಾತಿಯೇ ಅಲ್ಲ ಅದು.

ಅವರು ಬಿದ್ದದ್ದು ಬಚ್ಚಲಿನಲ್ಲಿ, ಬೆಳಿಗ್ಗೆ. ಬೆಳಗಾವಿಗೆ ಕರೆದೊಯ್ದೆವು. ಅಲ್ಲಿಯ ಡಾಕ್ಟರು ಬಿಡಿಸಿ ಹೇಳಿದರು: “ಮಾತು ಹೋಗೇತ್ರಿ. ತಿಳುವಳಿಕಿ ಎಷ್ಟು ಉಳದೈತಿ ಅನ್ನೂದು ಈಗ ಹೇಳಾಕ ಬರೂದಿಲ್ಲ. ಇರಬಹುದು, ಇರಲಿಕ್ಕಿಲ್ಲ. ಮಾತಾಡಿಸ್ತಾ ಇರ್ರಿ.” ಮನೆಯವರೆಲ್ಲ ಕೊನೆಯ ಮಾತನ್ನಷ್ಟೇ ಕಟ್ಟಿಕೊಂಡು ಊರಿಗೆ ಬಂದರು. ಅತ್ತೆ ಸವದತ್ತಿಯ ಗುಡ್ಡದಿಂದ ತರಿಸಿದ ಭಂಡಾರದ ಅರಿಶಿನವನ್ನು ಮಗನ ಹಣೆಗೆ ಹಚ್ಚಿ, “ಯಪ್ಪಾ, ಆರಾಮ ಆಕ್ಕಿ ಹೌದಿಲ್ಲೋ?” ಎಂದರು. “ಹೂಂ.” ಮನೆಯಲ್ಲಿ ಹಬ್ಬವಾಯಿತು.

ಮಗಳ ಸಂತೋಷವನ್ನಂತೂ ನೋಡಲಾಗುತ್ತಿರಲಿಲ್ಲ. ಅವಳು ರಾಮದುರ್ಗದ ಕೋರ್ಟಿನಲ್ಲಿ ಬೆರಳಚ್ಚು ಕೆಲಸದಲ್ಲಿದ್ದಾಳೆ, ಅಲ್ಲೇ ಒಂದು ಖೋಲಿ ಹಿಡಿದಿದ್ದಾಳೆ. ಶನಿವಾರ ಸಂಜೆಯ ಬಸ್ಸಿಗೆ ಬಂದವಳೇ ಅಪ್ಪನ ಮಂಚದ ಮೇಲೆ ಕುಳಿತು ವಾರದ ಕಥೆಯನ್ನೆಲ್ಲ ಹೇಳುತ್ತಿದ್ದಳು. ಸಾಕ್ಷಿ ಹೇಳಲು ಬಂದವನು ತನ್ನ ಹೆಸರನ್ನೇ ಮರೆತದ್ದು, ವಕೀಲರು ಊಟದ ಡಬ್ಬಿ ಕಳೆದುಕೊಂಡು ಇಡೀ ಕೋರ್ಟನ್ನು ಹುಡುಕಿಸಿದ್ದು. ನಡುನಡುವೆ “ಹೌದಲ್ಲಪ್ಪಾ?” “ಹೂಂ.” “ಅಪ್ಪಗ ಎಲ್ಲಾ ತಿಳೀತೈತಿ ಅವ್ವಾ, ಮೊದಲಿಗಿಂತ ಛಲೋ ಕೇಳ್ತಾರ” ಎನ್ನುತ್ತಿದ್ದಳು. ಸೋಮವಾರ ಮುಖ ಬೆಳಗಿಸಿಕೊಂಡು ಹೋಗುತ್ತಿದ್ದಳು.

ನನಗೆ ಅನುಮಾನ ಹುಟ್ಟಿದ್ದು ನಮ್ಮ ಭಾನುವಾರದ ಪ್ರಶ್ನೆಗಳಿಂದಲೇ. ಗಂಜಿ ಕುಡಿಸುತ್ತ ಅವನ್ನೇ ಕೇಳುತ್ತಿದ್ದೆ. ಹಾಳೆ ಮಡಚುವುದು ಪಾಪ, ಹೌದಲ್ರಿ? ಹೂಂ. ಕೊನೆಯ ಹಾಳೆ ಮೊದಲು ಓದುವವರನ್ನು ನಂಬಬಾರದು? ಹೂಂ. ಎಲ್ಲ ಅವರ ಮಾತುಗಳೇ, ನನಗೂ ಹಿಗ್ಗಾಯಿತು. ಆದರೆ ಎಷ್ಟೆಂದರೂ ವಿಜ್ಞಾನದವಳು. ‘ಇಲ್ಲ’ ಎಂಬ ಉತ್ತರವೇ ಬರಬೇಕಾದ ಪ್ರಶ್ನೆಯನ್ನು ಕೇಳದೆ ಪರೀಕ್ಷೆ ಮುಗಿಯುವುದಿಲ್ಲ. ಆ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು, ಕೇಳುವ ಧೈರ್ಯವಿರಲಿಲ್ಲ. ಕಡೆಗೊಂದು ಮಧ್ಯಾಹ್ನ, ಅತ್ತೆ ಗುಡಿಗೆ ಹೋಗಿದ್ದಾಗ, ಕಪಾಟಿನಿಂದ ಆ ದಪ್ಪ ಕಾದಂಬರಿಯನ್ನು ತೆಗೆದು ಅವರ ಕಣ್ಣೆದುರು ಹಿಡಿದೆ. “ಇದು ಭಾಳ ಛಲೋ ಪುಸ್ತಕ ಹೌದಲ್ರಿ? ಇಂಥಾ ನಾಯಕಿ ಇನ್ನೊಬ್ಬಾಕಿ ಇಲ್ಲ?”

“ಹೂಂ.”

ಮಾತು ಮುಗಿಯುವ ಮೊದಲೇ ಹೇಳಿದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಪುಸ್ತಕವನ್ನು ನೆಲಕ್ಕೆ ಅಪ್ಪಳಿಸಿದೆ. ಆ ಸದ್ದಿಗೂ ಅವರು ಹೂಂ ಎಂದರು.

ಯಾರಿಗೂ ಹೇಳಲಿಲ್ಲ. ಕೆಲವು ದಿನಗಳಲ್ಲಿ ಸವದತ್ತಿಯ ಔಷಧ ಅಂಗಡಿಯವರು ಬಂದರು. ಅವರು ‘ನಾ ಯಾರು’ ಎಂದು ಕೇಳಲಿಲ್ಲ, ಅಷ್ಟು ಸಂಸ್ಕಾರ ಅವರಿಗಿತ್ತು. ಕುರ್ಚಿ ಎಳೆದುಕೊಂಡು ಹಳೆಯ ಜಗಳಕ್ಕೇ ಕೈ ಹಾಕಿದರು: “ನಾ ಹೇಳಿದ್ದ ಖರೆ, ಒಪ್ಪಿಕೋ ಮಾರಾಯಾ, ಆಕಿ ದೇವತಾ ಹೌದಿಲ್ಲ?” “ಹೂಂ.” ಅವರು ಎದ್ದು ಹಿತ್ತಲಿಗೆ ಹೋಗಿ ನೀರಿನ ತೊಟ್ಟಿಯ ಹತ್ತಿರ ಬಹಳ ಹೊತ್ತು ಮುಖ ತೊಳೆದುಕೊಂಡರು. “ಅಕ್ಕಾರ, ಗೆಲ್ಲಬಾರದಿತ್ರಿ ನಾ,” ಎಂದರು. ಆಮೇಲೆ ಬರಲಿಲ್ಲ. ನಾನು ತಪ್ಪು ತಿಳಿಯಲಿಲ್ಲ.

ಅಷ್ಟರಲ್ಲಿ ಅತ್ತೆಗೆ ಒಂದು ವಿಚಾರ ಹೊಕ್ಕಿತು. ಮಗನ ಕಣ್ಣ ಮುಂದೆ ಮೊಮ್ಮಗಳ ಮೇಲೆ ನಾಲ್ಕು ಅಕ್ಷತೆ ಬೀಳಬೇಕು. ವರನನ್ನು ಹುಡುಕಬೇಕಾಗಿಯೂ ಇರಲಿಲ್ಲ. ಅತ್ತೆಯ ತವರು ತೊರಗಲ್ಲು, ಅವರ ಅಣ್ಣನ ಮೊಮ್ಮಗ ಇದ್ದ. ಆ ಮನೆಯವರು ಹಿಂದೆಯೇ ಒಮ್ಮೆ ಕೇಳಿದ್ದರು, ಆದರೆ ಸೊಸೆಯಾಗಿ ಬರುವವಳು ಕೋರ್ಟು ಕಚೇರಿ ಎಂದು ತಿರುಗುವಂತಿಲ್ಲ ಎಂಬ ಷರತ್ತು ಹಾಕಿದ್ದರು. ನಮ್ಮವರು ಆಗ ಗಟ್ಟಿಮುಟ್ಟಾಗಿದ್ದರು. “ಆಕಿ ನೌಕರಿ ಬಿಡೂದಾದ್ರ ನಿಮ್ಮ ಹುಡುಗನೂ ತನ್ನ ಕೆಲಸ ಬಿಡ್ಲಿ. ಇಬ್ಬರೂ ಕೂಡಿ ನಮ್ಮ ಮನ್ಯಾಗ ಪುಸ್ತಕ ಓದ್ಕೊಂತ ಕುಂಡರ್ಲಿ” ಎಂದು ಕಳಿಸಿದ್ದರು. ಮಗಳಿಗೂ ಮನಸ್ಸಿರಲಿಲ್ಲ. ಈಗ ಅದೇ ಸಂಬಂಧ, ಅದೇ ಷರತ್ತು.

ನಾನು ಬೇಡವೆಂದೆ. ಅತ್ತೆ ಹೇಳಿದರು, “ನೀ ಯಾಕ ಹೂಂ ಉಹೂಂ ಅಂತಿ? ಹಡದಪ್ಪ ಜೀವಂತ ಅದಾನ. ಅವನ್ನ ಕೇಳೂಣು.” ಹಾಸಿಗೆ ಹಿಡಿದ ತಂದೆ ಕೊಟ್ಟ ಮಾತನ್ನು ನಮ್ಮಲ್ಲಿ ಯಾರೂ ಮುರಿಯುವುದಿಲ್ಲ. ಎದ್ದು ಓಡಾಡುವವನ ಮಾತಿಗೆ ವಾದ ಹಾಕಬಹುದು, ಇದಕ್ಕಿಲ್ಲ. ಮಗಳಿಗೆ ಫೋನಿನಲ್ಲಿ ಕೇಳಿದೆ. “ಅಪ್ಪಗ ಎಲ್ಲಾ ತಿಳೀತೈತಲ್ಲವ್ವಾ. ಅವರ ಹೂಂ ಅಂದ್ರ ಮುಗೀತು. ನಾ ಮಾಡ್ಕೊಂತೇನಿ” ಎಂದಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಭಾನುವಾರ ಬೆಳಿಗ್ಗೆ ತೊರಗಲ್ಲಿನಿಂದ ಹಿರಿಯರು ಬಂದರು. ಮುಂದಾಳು ಅತ್ತೆಯ ಅಣ್ಣನೇ. ಕೆಟ್ಟ ಮನುಷ್ಯನಲ್ಲ, ನನ್ನ ಗಂಡನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಸೋದರಮಾವ. ಮಾತು ಸಿಕ್ಕ ಕೂಡಲೇ ಹಂಚಲು ಸಕ್ಕರೆ ತಂದಿದ್ದರು. ಮಂಚದ ಪಕ್ಕ ಕುಳಿತು, ಸತ್ತಿದ್ದ ಬಲಗೈಯನ್ನೇ ತಮ್ಮ ಎರಡೂ ಕೈಯಲ್ಲಿ ಹಿಡಿದು ಕೇಳಿದರು: “ಅಳಿಯಾ, ನಿನ್ನ ಮಗಳನ್ನ ನಮ್ಮ ಮನಿಗಿ ಕೊಡ್ತಿ ಹೌದಿಲ್ಲೋ?”

“ಹೂಂ.”

ಮುದುಕನ ಕಣ್ಣಲ್ಲಿ ನೀರು ಬಂತು. ಅತ್ತೆ ಸಕ್ಕರೆಯ ಪುಡಿಕೆ ಬಿಚ್ಚಿದರು. ಮಗಳು ತಲೆ ತಗ್ಗಿಸಿ ನಿಂತಿದ್ದಳು, ಅವಳ ಕೈಗೂ ಸಕ್ಕರೆ ಬಂತು.

“ತಡೀರಿ ಮಾವಾರ,” ಎಂದೆ. ಕಪಾಟಿನಿಂದ ಆ ದಪ್ಪ ಕಾದಂಬರಿ ತಂದು ಗಂಡನ ಮುಖದೆದುರು ಹಿಡಿದೆ. “ಇದು ಛಲೋ ಪುಸ್ತಕ ಹೌದಲ್ರಿ?” “ಹೂಂ.” ನಾನು ಹಿರಿಯರತ್ತ ತಿರುಗಿದೆ. ಯಾರಿಗೂ ಏನೂ ಅನಿಸಲಿಲ್ಲ. “ಛಲೋನ ಇರಬೇಕು ಬಿಡವಾ,” ಎಂದರು ಮಾವ. ನನ್ನ ದೊಡ್ಡ ಸಾಕ್ಷಿಯ ಬೆಲೆ ಅಷ್ಟೇ. ಆದರೆ ಮಗಳು ತಲೆ ಎತ್ತಿದ್ದಳು. ಅವಳು ಆ ಭಾನುವಾರಗಳಲ್ಲಿ ನಮ್ಮ ಕಾಲಡಿ ಆಡಿ ಬೆಳೆದವಳು. ಅಪ್ಪನಿಗೆ ಆ ಪುಸ್ತಕವೆಂದರೆ ಏನೆಂದು ಅವಳಿಗೆ ಗೊತ್ತಿತ್ತು. “ಅವ್ವಾ, ಸಾಕು,” ಎಂದಳು. ಸಾಕಾಗಿರಲಿಲ್ಲ. ಅವಳ ಕೈಯಲ್ಲಿ ಸಕ್ಕರೆ ಹಾಗೇ ಇತ್ತು.

“ನಾ ನಿಮ್ಮ ತಾಯಿ ಏನ್ರಿ?” ಎಂದೆ. “ಹೂಂ.” ಒಬ್ಬರು ನಕ್ಕರು. “ಹೇಣ್ತಿನ್ನ ಚ್ಯಾಷ್ಟಿ ಮಾಡಾಕತ್ತಾನ ನೋಡ್ರಿ,” ಎಂದರು. ಅತ್ತೆ ನನ್ನ ರಟ್ಟೆ ಹಿಡಿದು ಎಳೆದರು. ನಾನು ಕೊಡವಿಕೊಂಡೆ. ಊರಿನವರು ಬಾಗುವ ಹಾಗೆಯೇ ಅವರ ಮುಖದ ಮೇಲೆ ಬಾಗಿದೆ.

“ನೀವು ಸತ್ತೀರೇನ್ರಿ?”

ಈ ಸಲ ಉತ್ತರ ತಡವಾಯಿತು. ಆಮೇಲೆ ಬಂತು, “ಹೂಂ.”

ಸಕ್ಕರೆಯ ಪುಡಿಕೆಯನ್ನು ಯಾರು ಕಟ್ಟಿದರೋ ನನಗೆ ನೆನಪಿಲ್ಲ. ಮಾವ ಹೋಗುವಾಗ ಜಗಳವಾಡಲಿಲ್ಲ. ಚಪ್ಪಲಿ ಮೆಟ್ಟುತ್ತ, “ಇಂಥಾ ಮಾತು ಕೇಳಾಕ ನಿನಗ ನಾಲಿಗಿ ಹೆಂಗ ಬಂತವಾ,” ಎಂದರಷ್ಟೇ. ಮಾತು ತಿಳಿಯದವನ ಮಾತಿನ ಮೇಲೆ ಹೆಣ್ಣು ಒಯ್ಯುವುದಿಲ್ಲ ಎಂದು ದಾರಿಯಲ್ಲಿ ಯಾರಿಗೋ ಹೇಳಿದರಂತೆ. ಅತ್ತೆ ಮಾತ್ರ ನನ್ನನ್ನು ಬಿಡಲಿಲ್ಲ. “ಬದುಕಿದ ಗಂಡನ್ನ ಮಂದಿ ಮುಂದ ಕೊಂದಿ,” ಎಂದರು. ಅವತ್ತಿನಿಂದ ನಮ್ಮಿಬ್ಬರ ನಡುವೆ ಉಪ್ಪು, ಹಿಟ್ಟು, ಔಷಧದ ಮಾತು ಮಾತ್ರ. ಕೊಂದದ್ದು ನಿಜವೆಂದೇ ಇಟ್ಟುಕೊಳ್ಳಿ. ಮಗಳನ್ನು ಕಟ್ಟೆ ಮಾಡಿ ಕೂರಿಸುವುದಕ್ಕಿಂತ ಅದೇ ಮೇಲು ಎಂದು ನಾನು ಈಗಲೂ ಹೇಳುತ್ತೇನೆ.

ಸುದ್ದಿ ಊರಿಗೆ ಹಬ್ಬಿತು. ಮೊದಲು ‘ನಾ ಯಾರು’ ಎಂಬ ಪ್ರಶ್ನೆ ನಿಂತಿತು, ಆಮೇಲೆ ಬರುವವರೇ ನಿಂತರು. ಬಂದರೂ ಹೊರಗಿನ ಪಡಸಾಲೆಯಲ್ಲೇ ಕುಳಿತು, ಅವರ ಕಿವಿಗೆ ಬೀಳುವ ಹಾಗೆಯೇ, ಅವರಿಲ್ಲವೆಂಬಂತೆ ಮಾತನಾಡಿ ಹೋಗುತ್ತಾರೆ. ಮಗಳು ಶನಿವಾರದ ಬಸ್ಸಿಗೆ ಈಗಲೂ ಬರುತ್ತಾಳೆ. ಅಪ್ಪನ ಹಾಸಿಗೆಯ ಸುಕ್ಕು ಸರಿಮಾಡಿ, ಬಾಯಿ ಒರೆಸಿ, ನೇರ ನನ್ನ ಹತ್ತಿರ ಅಡುಗೆಮನೆಗೆ ಬಂದು ಕೂರುತ್ತಾಳೆ. ಅವರನ್ನು ಒಂದೂ ಮಾತು ಕೇಳುವುದಿಲ್ಲ. ಕೋರ್ಟಿನ ಕಥೆ ಈಗ ನನಗೆ ಹೇಳುತ್ತಾಳೆ, ಅದೂ ಅರ್ಧಂಬರ್ಧ.

ಆ ಭಾನುವಾರ ನಾನು ಅವರ ಮುಖದ ಅಷ್ಟು ಹತ್ತಿರ ಬಾಗಿದ್ದೆನಲ್ಲ, ಉಳಿದವರಿಗೆ ಕಾಣದ್ದು ನನಗೆ ಕಂಡಿತು. ಉಳಿದ ಹೂಂಗಳೆಲ್ಲ ಪ್ರಶ್ನೆ ಮುಗಿಯುವ ಮೊದಲೇ ಬಂದಿದ್ದವು. ಆ ಕೊನೆಯ ಪ್ರಶ್ನೆಗೆ ಮಾತ್ರ ಅವರು ನನ್ನನ್ನು ನೋಡಿದರು. ಕಣ್ಣು ಹೊರಳಿಸಿ ಮಗಳನ್ನು, ಅವಳ ಕೈಯಲ್ಲಿದ್ದ ಸಕ್ಕರೆಯನ್ನು ನೋಡಿದರು. ತಿರುಗಿ ನನ್ನನ್ನು ನೋಡಿ ಹೂಂ ಎಂದರು. ಮಗಳಿಗಾಗಿ ಹೇಳಿದರೋ, ತಮಗೇ ಹಾಗೆ ಅನಿಸಿ ಹೇಳಿದರೋ, ನನಗೆ ತಿಳಿಯದು. ಆದರೆ ಅದನ್ನು ತಿಳಿದೇ ಹೇಳಿದರು.

ಹೋದ ಶನಿವಾರ ಮಗಳು ಕೊತ್ತಂಬರಿ ಸೋಸುತ್ತ ಕೇಳಿದಳು, “ಅವ್ವಾ, ಅಪ್ಪಗ ಖರೇನ ಏನೂ ತಿಳಿಯೂದಿಲ್ಲೇನ?” ತಿಳಿಯುತ್ತದೆ ಎಂದರೆ ಅವಳು ಅಪ್ಪ ಕೊಟ್ಟ ಮಾತು ಉಳಿಸಲು ನಾಳೆಯೇ ತೊರಗಲ್ಲಿಗೆ ಹೇಳಿ ಕಳಿಸುತ್ತಾಳೆ, ನನ್ನ ಮಗಳನ್ನು ನಾನು ಬಲ್ಲೆ. “ಇಲ್ಲವಾ, ಏನೂ ತಿಳಿಯೂದಿಲ್ಲ,” ಎಂದೆ. ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಅವರ ಮಂಚ ಅಲ್ಲೇ, ನಾವು ಮೆಲ್ಲಗೆ ಆಡಿದ್ದೂ ಕೇಳುವಷ್ಟು ಹತ್ತಿರ ಇದೆ.